ಚಲನ್ ನೋಡಿ ದುಡ್ಡು ಕೊಡಬೇಡಿ, ಸಿಎಚ್‌ಜಿ-2 ಕೇಳಿ: ಚಾರ್ಜ್ ರಿಜಿಸ್ಟ್ರೇಶನ್ ಹೆಸರಲ್ಲಿ ಆದ ಮೋಸ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತ ಬ್ಯಾಂಕ್ ಸಾಲ ಎತ್ತುವವರು ಇದನ್ನು ಪೂರ್ತಿ ಓದಿ. ಸಾಲಕ್ಕಾಗಿ ಕಂಪನಿಯ ಆಸ್ತಿ ಮೇಲೆ ಬ್ಯಾಂಕಿಗೆ ಕೊಡುವ ಹಕ್ಕೇ ಚಾರ್ಜ್. ಅದನ್ನು ಕಂಪನಿ ರಿಜಿಸ್ಟ್ರಾರ್ (ಆರ್‌ಒಸಿ) ಹತ್ತಿರ ನೋಂದಾಯಿಸಬೇಕು, ಆ ನೋಂದಣಿಯ ಸರ್ಟಿಫಿಕೇಟೇ ಸಿಎಚ್‌ಜಿ-2. ಚಲನ್ ಬೇರೆ, ಸರ್ಟಿಫಿಕೇಟ್ ಬೇರೆ. ಇದೊಂದು ವ್ಯತ್ಯಾಸ ನೋಡದೆ ದುಡ್ಡು ಕೊಟ್ಟದ್ದಕ್ಕೆ ತಾರಿಹಾಳದ ನಮ್ಮ ಘಟಕಕ್ಕೆ ಬರಬೇಕಿದ್ದ ಸಾಲದ ಎರಡನೇ ಕಂತು ಬ್ಯಾಂಕಿನಲ್ಲೇ ನಿಂತಿತು. ಸಿಟ್ಟೂ ಇದೆ, ನಾಚಿಕೆಯೂ ಇದೆ.

ಸಾಲ 80 ಲಕ್ಷ. ಮಷಿನ್ ಮತ್ತು ಸ್ಟಾಕ್ ಮೇಲೆ ಹೈಪೋಥಿಕೇಶನ್, ಅಂದರೆ ಮಾಲು ನಮ್ಮ ಹತ್ತಿರವೇ, ಅಡವು ಬ್ಯಾಂಕಿಗೆ. ಡೀಡಿಗೆ ಸಹಿ ಆದದ್ದು ಜೂನ್ 6. ಕಂಪನಿ ಕಾಯ್ದೆ 2013ರ 77ನೇ ಕಲಂ ಪ್ರಕಾರ ಅಲ್ಲಿಂದ 30 ದಿನದೊಳಗೆ ಸಿಎಚ್‌ಜಿ-1, ಅಂದರೆ ಚಾರ್ಜ್ ನೋಂದಣಿಯ ಫಾರ್ಮ್, ಹಾಕಬೇಕು. ಒಬ್ಬ ಕನ್ಸಲ್ಟಂಟ್ 18,000 ರೂಪಾಯಿಗೆ ಒಪ್ಪಿಕೊಂಡರು. "ನೀವು ಧಂದೆ ನೋಡ್ಕೋರಿ ಸಾಹೇಬ್ರ, ಆರ್‌ಒಸಿ ಕೆಲಸ ನನಗ ಬಿಡ್ರಿ" ಅಂದರು. ಡೈರೆಕ್ಟರ್ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಕೂಡ ಅವರ ಕೈಗೇ ಹೋಯಿತು.

ಜುಲೈ 3ಕ್ಕೆ ವಾಟ್ಸಾಪ್‌ನಲ್ಲಿ ಚಲನ್ ಬಂತು. "ಆತು ನೋಡ್ರಿ, ಚಾರ್ಜ್ ರಿಜಿಸ್ಟರ್ ಆತು. ಬಾಕಿ ಹಾಕಿಬಿಡ್ರಿ." ಅದೇ ಸಂಜೆ ಬಾಕಿ ಹೋಯಿತು. ಚಲನ್ ಅಂದರೆ ಶುಲ್ಕ ಕಟ್ಟಿದ ರಸೀದಿ ಅಷ್ಟೇ. ಚಾರ್ಜ್ ನೋಂದಣಿ ಆಯಿತು ಅನ್ನಲು ರಿಜಿಸ್ಟ್ರಾರ್ ಕೊಡುವ ಸಿಎಚ್‌ಜಿ-2 ಬೇಕು. ಇದ್ದ ಚಾರ್ಜ್ ಬದಲಾಯಿಸಿದ್ದರೆ ಸಿಎಚ್‌ಜಿ-3.

ಆಗಸ್ಟ್ 11ಕ್ಕೆ ಬ್ಯಾಂಕಿನಿಂದ ಫೋನ್. "ಸಿಎಚ್‌ಜಿ-2 ಎಲ್ಲೈತ್ರಿ? ಇಂಡೆಕ್ಸ್ ಆಫ್ ಚಾರ್ಜಸ್‌ನ್ಯಾಗ ನಮ್ಮ ಬ್ಯಾಂಕಿನ ಹೆಸರ ಇಲ್ಲ." ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಎಸ್‌ಆರ್‌ಎನ್ (ಫೈಲಿಂಗ್ ನಂಬರ್) ನೋಡಿದರೆ ಎದೆ ಧಸಕ್ ಎಂದಿತು. ಜುಲೈ 8ಕ್ಕೇ ಫಾರ್ಮ್ ರಿಸಬ್ಮಿಶನ್‌ಗೆ ವಾಪಸ್ ಬಂದಿದೆ. ತಿದ್ದಿ ಹಾಕಲು 15 ದಿನ ಕೊಟ್ಟಿದ್ದರು. ಅದೇ ಎಸ್‌ಆರ್‌ಎನ್ ಮೇಲೆ ತಿದ್ದಿ ಹಾಕಿದ್ದರೆ ಮುಗಿಯುತ್ತಿತ್ತು. ಒಂದು ಅಕ್ಷರ ತಿದ್ದಿಲ್ಲ. 15 ದಿನ ಕಳೆದು ಫೈಲಿಂಗ್ ಬಿದ್ದುಹೋಗಿದೆ. ಚಲನ್ ಮಾತ್ರ ನಮ್ಮ ಫೋನಿನಲ್ಲಿ ಹಾಗೇ ಇದೆ.

ಕೇಳಿದರೆ ಏನು ಉತ್ತರ ಗೊತ್ತೆ? "ರಿಜೆಕ್ಟ್ ಅಲ್ರಿ ಅದು, ಪೆಂಡಿಂಗ್." ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ "ಸರ್ವರ್ ಪ್ರಾಬ್ಲಮ್ ಇತ್ರಿ." ಮರುದಿನ "ಈಗ ದಿಲ್ಲಿಯಿಂದ ಕಂಡೋನೇಶನ್ ತರಬೇಕ್ರಿ, 45 ಸಾವಿರ ಆಗ್ತೈತ್ರಿ." ಕಂಡೋನೇಶನ್ ಅಂದರೆ ತಡ ಮನ್ನಿಸುವ ಆದೇಶ. ತಪ್ಪು ಅವರದು, 45 ಸಾವಿರ ನಮ್ಮದು!

ಈ ಮಾತು ಶುದ್ಧ ಸುಳ್ಳು. ಲೆಕ್ಕ ನೋಡಿ. ಅಧಿಕೃತ ಬಂಡವಾಳ 10 ಲಕ್ಷವಿರುವ ಕಂಪನಿಗೆ ಸಿಎಚ್‌ಜಿ-1 ಮೂಲ ಶುಲ್ಕ 400 ರೂಪಾಯಿ. 30 ದಿನ ದಾಟಿ 60ರೊಳಗೆ ಹಾಕಿದರೆ ಸಣ್ಣ ಕಂಪನಿಗೆ ಅದರ ಮೂರು ಪಟ್ಟು ಹೆಚ್ಚುವರಿ, ಅಂದರೆ 1,200. 60 ದಾಟಿ 120ರೊಳಗಾದರೆ ಅದರ ಜೊತೆ ಸಾಲದ ಮೊತ್ತದ ಮೇಲೆ 0.025 ಶೇಕಡಾ, ಗರಿಷ್ಠ 1 ಲಕ್ಷ. 80 ಲಕ್ಷಕ್ಕೆ 2,000. ಒಟ್ಟು 3,600 ರೂಪಾಯಿ. ಸಣ್ಣ ಕಂಪನಿ ಅಲ್ಲದವರಿಗೆ ಆರು ಪಟ್ಟು ಮತ್ತು 0.05 ಶೇಕಡಾ, ಗರಿಷ್ಠ 5 ಲಕ್ಷ. ಬ್ಯಾಂಕಿನ ಫೋನ್ ಬಂದ ಆಗಸ್ಟ್ 11 ನಮ್ಮ 66ನೇ ದಿನ. ಕಂಡೋನೇಶನ್ ಪ್ರಶ್ನೆಯೇ ಇಲ್ಲ. 120 ದಾಟಿದ್ದರೆ ಯಾವ ದಿಲ್ಲಿಯೂ ಉಳಿಸುತ್ತಿರಲಿಲ್ಲ. 2018ರ ನವೆಂಬರ್ 2ರಿಂದ ಆದ ಚಾರ್ಜ್‌ಗಳಿಗೆ 120ನೇ ದಿನವೇ ಕೊನೆ. ನೋಂದಣಿ ಆಗದ ಚಾರ್ಜನ್ನು ಲಿಕ್ವಿಡೇಟರ್ (ಕಂಪನಿ ಮುಚ್ಚಿದಾಗ ಆಸ್ತಿ ಮಾರಿ ಹಂಚುವವರು) ಆಗಲಿ ಸಾಲ ಕೊಟ್ಟ ಉಳಿದವರಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸಾಲ ಮಾತ್ರ ತೀರಿಸಲೇಬೇಕು. ಮೇಲೆ 86ನೇ ಕಲಂ ದಂಡ: ಕಂಪನಿಗೆ 5 ಲಕ್ಷ, ಹೊಣೆಗಾರ ಅಧಿಕಾರಿಗೆ 50 ಸಾವಿರ. ಇಷ್ಟು ದೊಡ್ಡ ಕೆಲಸವನ್ನು ಈ ಮನುಷ್ಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು.

ಇನ್ನು ಫಾರ್ಮ್ ಯಾಕೆ ವಾಪಸ್ ಬಂತು ಅನ್ನುವುದು. ಚಾರ್ಜ್ ಆದ ದಿನಾಂಕ ಅನ್ನುವ ಜಾಗದಲ್ಲಿ ಸ್ಯಾಂಕ್ಷನ್ ಲೆಟರ್ ದಿನಾಂಕ ಹಾಕಿದ್ದರು. ಬೇಕಾದದ್ದು ಡೀಡಿಗೆ ಸಹಿಯಾದ ದಿನಾಂಕ. ಲಗತ್ತಿಸಿದ ಸ್ಕ್ಯಾನ್‌ನಲ್ಲಿ ಡೀಡ್ ಇದೆ, ಅದರ ಶೆಡ್ಯೂಲ್ ಪುಟ ಇಲ್ಲ, ಅಂದರೆ ಯಾವ ಮಷಿನ್ ಮೇಲೆ ಚಾರ್ಜ್ ಅನ್ನುವುದೇ ಇಲ್ಲ. ಕೊಲ್ಯಾಟರಲ್ ಕೊಟ್ಟ ಜಾಗ ಡೈರೆಕ್ಟರ್ ಹೆಸರಲ್ಲಿದೆ, ಫಾರ್ಮ್‌ನಲ್ಲಿ ಕಂಪನಿ ಆಸ್ತಿ ಎಂದು ತೋರಿಸಿದ್ದಾರೆ. ಬ್ಯಾಂಕಿನ ಅಧಿಕಾರಿಯೂ ಓದದೆ ಡಿಎಸ್‌ಸಿ ಒತ್ತಿದ್ದಾರೆ, ಅದನ್ನೂ ಹೇಳಲೇಬೇಕು.

ಮಷಿನ್ ಸೀರಿಯಲ್ ನಂಬರ್ ಅಂತೂ ಇನ್ನೊಂದು ಕಥೆ. ಡೀಡಿನಲ್ಲಿದ್ದದ್ದು ಪ್ರೊಫಾರ್ಮಾ ಇನ್ವಾಯ್ಸ್‌ನಿಂದ ಎತ್ತಿದ ನಂಬರ್. ಶೆಡ್‌ಗೆ ಹೋಗಿ ಮಷಿನ್ ಹಿಂಬದಿಯ ನೇಮ್‌ಪ್ಲೇಟ್ ಮೇಲಿನ ಎಣ್ಣೆ, ಪುಡಿ ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದರೆ ಕೊನೆಯ ಮೂರು ಅಂಕಿ ಬೇರೆ. ಬಂದಿಳಿದದ್ದು ಬೇರೆ ಪೀಸ್. ಬ್ಯಾಂಕ್ ಸೆರ್ಸೈನಲ್ಲಿ (ಅಡವಿಟ್ಟ ಆಸ್ತಿಗಳ ಕೇಂದ್ರ ದಾಖಲೆ) ಹಾಕುವುದೂ ಇದೇ ನಂಬರ್. ಅಲ್ಲಿ ತಪ್ಪಿದರೆ ನಾಳೆ ಯಾರಾದರೂ ಆ ಮಷಿನ್ ನಂಬರ್ ಹಾಕಿ ಹುಡುಕಿದಾಗ ಚಾರ್ಜ್ ಕಾಣುವುದೇ ಇಲ್ಲ. ಡೀಡಿಗೆ ಸಹಿ ಮಾಡುವ ಮೊದಲೇ ಪ್ಲೇಟ್ ಫೋಟೋ ತೆಗೆದು ಶೆಡ್ಯೂಲ್ ಜೊತೆ ಹಿಡಿದು ನೋಡಿ.

ಅಂದಹಾಗೆ ಸೆರ್ಸೈ ಹೆಸರಲ್ಲೂ ಈ ಕನ್ಸಲ್ಟಂಟ್ 6,000 ತೆಗೆದುಕೊಂಡಿದ್ದರು. ಅದನ್ನು ದಾಖಲಿಸುವುದು ಬ್ಯಾಂಕ್, ಇವರಲ್ಲ. 5 ಲಕ್ಷ ಮೀರಿದ ಸಾಲಕ್ಕೆ ಅಲ್ಲಿನ ಶುಲ್ಕ 100 ರೂಪಾಯಿ ಮತ್ತು ಜಿಎಸ್‌ಟಿ. ಪ್ರೊಪ್ರೈಟರ್, ಪಾರ್ಟ್ನರ್‌ಶಿಪ್ ಇರುವವರು ಗಮನಿಸಿ: ಸಿಎಚ್‌ಜಿ-1 ಕಂಪನಿಗಳಿಗೆ ಮಾತ್ರ. ನಿಮ್ಮ ಹತ್ತಿರ ಯಾರಾದರೂ "ಆರ್‌ಒಸಿ ಚಾರ್ಜ್ ಫೀಸು" ಕೇಳಿದರೆ ಒಂದು ಪೈಸೆ ಕೊಡಬೇಡಿ.

ಆಗಸ್ಟ್ 12ಕ್ಕೆ ಹಳೆಯ ಡಿಎಸ್‌ಸಿ ರದ್ದು ಮಾಡಿಸಿ ಹೊಸದು ತೆಗೆದೆವು, ಯಾಕೆಂದರೆ ಟೋಕನ್ ವಾಪಸ್ ಕೊಡಲು "ನಾಳೆ ಬರ್ರಿ" ಶುರುವಾಗಿತ್ತು. ಹೊಸ ಡಿಎಸ್‌ಸಿಯನ್ನು ಪೋರ್ಟಲ್‌ನಲ್ಲಿ ಡೈರೆಕ್ಟರ್ ಹೆಸರಿಗೆ ಜೋಡಿಸದಿದ್ದರೆ ಫಾರ್ಮ್ ಅಪ್‌ಲೋಡ್ ಆಗುವುದಿಲ್ಲ. ತಡವಾಗಿ ಹಾಕುವ ಸಿಎಚ್‌ಜಿ-1 ಜೊತೆ ಇನ್ನೊಂದು ಕಾಗದ ಕಡ್ಡಾಯ: ಈ ತಡದಿಂದ ನಡುವೆ ಸಾಲ ಕೊಟ್ಟ ಬೇರೆಯವರ ಹಕ್ಕಿಗೆ ಧಕ್ಕೆ ಇಲ್ಲ ಎಂದು ಡೈರೆಕ್ಟರ್ ಅಥವಾ ಕಂಪನಿ ಸೆಕ್ರೆಟರಿ ಸಹಿ ಮಾಡಿದ ಘೋಷಣೆ. ಅದಿಲ್ಲದೆ ಹಾಕಿದರೆ ಮತ್ತೆ ವಾಪಸ್ ಬರುತ್ತದೆ, ಮತ್ತೆ ದಿನ ಹೋಗುತ್ತವೆ. ನಾವು 14ಕ್ಕೆ, 69ನೇ ದಿನ, 3,600 ಕಟ್ಟಿ ಹಾಕಿದೆವು.

ಕೆಲಸ ಕೊಡುವಾಗ ಕೊನೆಯ ಹಣ ಸಿಎಚ್‌ಜಿ-2 ಕೈಗೆ ಬಂದ ಮೇಲೆಯೇ ಎಂದು ಬರೆಸಿಕೊಳ್ಳಿ. ಪೋರ್ಟಲ್ ಲಾಗಿನ್‌ಗೆ ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ಕೊಡಿ. ನಮ್ಮ ರಿಸಬ್ಮಿಶನ್ ಇಮೇಲ್ ಅವರ ಐಡಿಗೆ ಹೋಗಿತ್ತು. ಸಾಲ ತೀರಿದ ಮೇಲೆ ಬ್ಯಾಂಕಿನ ಎನ್‌ಒಸಿ ಹಿಡಿದು 30 ದಿನದೊಳಗೆ ಚಾರ್ಜ್ ತೀರಿತು ಎನ್ನುವ ಸಿಎಚ್‌ಜಿ-4 ಫಾರ್ಮ್ ಹಾಕುವುದನ್ನೂ ಮರೆಯಬೇಡಿ.

18,000 ವಾಪಸ್ ಕೇಳಿದ್ದಕ್ಕೆ ಬಂದ ಕೊನೆಯ ಮೆಸೇಜ್: "ಫೈಲಿಂಗ್ ಮಾಡೇನಲ್ರಿ, ಚಲನ್ ಕೊಟ್ಟೇನಲ್ಲ." ಅದಾದ ಮೇಲೆ ನಂಬರ್ ಬ್ಲಾಕ್.