ಅಗ್ಗದ ರೇಟಿಗೆ ಗೇಮ್ ಸಬ್‌ಸ್ಕ್ರಿಪ್ಶನ್ ಕೊಡ್ತೀನಿ ಅಂದರೆ ನಂಬಬೇಡಿ: ಮಂಡ್ಯದಲ್ಲಿ ನಮ್ಮ ಹುಡುಗನಿಗೆ ಆಗಿದ್ದು

ಇನ್‌ಸ್ಟಾಗ್ರಾಂನಲ್ಲೋ ಟೆಲಿಗ್ರಾಂನಲ್ಲೋ "ಒಂದು ವರ್ಷದ ಗೇಮ್ ಸಬ್‌ಸ್ಕ್ರಿಪ್ಶನ್, ಮೂರನೇ ಒಂದು ಪಾಲು ರೇಟಿಗೆ" ಅಂತ ಯಾರಾದರೂ ಬಂದರೆ ಮಾತಿಗೇ ನಿಲ್ಲಬೇಡಿ. ಮಂಡ್ಯದಲ್ಲಿರುವ ನಮ್ಮ ಅಕ್ಕನ ಮಗ ಇಂಥ ಒಬ್ಬನಿಗೆ ದುಡ್ಡು ಹಾಕಿದ. ಹೋಗಿದ್ದು ಅಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಹೈಸ್ಕೂಲಿನಿಂದ ಹಬ್ಬದ ದುಡ್ಡು, ಹುಟ್ಟುಹಬ್ಬದ ದುಡ್ಡು ಕೂಡಿಸಿ ಒಂದೊಂದಾಗಿ ಕೊಂಡಿದ್ದ ಗೇಮ್‌ಗಳೆಲ್ಲ ಖಾತೆಯ ಜೊತೆಗೇ ಲಾಕ್ ಆಗಿ ಹೋದವು.

ಅವನದು ಯಾವ ಕಂಪನಿಯ ಕನ್ಸೋಲ್ (ಟಿವಿಗೆ ಹಾಕಿ ಗೇಮ್ ಆಡುವ ಮಿಷಿನ್) ಅಂತ ಹೇಳುವುದಿಲ್ಲ. ಈ ದಂಧೆ ಎಲ್ಲ ಕಡೆಯೂ ಇದೆ.

ಹುಡುಗ ಅಲ್ಲಿಗೆ ಯಾಕೆ ಹೋದ ಅಂತ ಕೇಳಿದರೆ ಒಂದೇ ಉತ್ತರ, ರೇಟು. 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಗೇಮ್ ಪಾಸ್ ಅಲ್ಟಿಮೇಟ್ (ನೂರಾರು ಗೇಮ್ ಆಡಲು ಬಿಡುವ ಪ್ಲಾನ್) ತಿಂಗಳಿಗೆ 829 ರೂಪಾಯಿ ಇದ್ದದ್ದು ಒಂದೇ ಏಟಿಗೆ 1,389 ಆಯಿತು. ಆ ರೇಟಿನಲ್ಲಿ ವರ್ಷದ ಲೆಕ್ಕ ಹಾಕಿದರೆ 16,668. ಪಿಸಿ ಗೇಮ್ ಪಾಸ್ 449ರಿಂದ 939ಕ್ಕೆ ಹೋಯಿತು, ಡಬಲ್‌ಗಿಂತ ಜಾಸ್ತಿ. ಸೋನಿಯ ಪ್ಲೇಸ್ಟೇಷನ್ ಪ್ಲಸ್‌ನವರು ಈ ಕೆಲಸವನ್ನು 2023ರ ಸೆಪ್ಟೆಂಬರ್‌ನಲ್ಲೇ ಮಾಡಿದ್ದರು. ಎಲ್ಲಕ್ಕಿಂತ ಕೆಳಗಿನದಾದ ಎಸೆನ್ಷಿಯಲ್‌ನ ವರ್ಷದ ಪ್ಲಾನ್ 2,999 ಇದ್ದದ್ದು 3,949, ಅದರ ಮೇಲಿನ ಎಕ್ಸ್‌ಟ್ರಾ 4,999 ಇದ್ದದ್ದು 6,699. ಗೇಮ್ ಪಾಸ್ ರೇಟು ಏರಿಸಿದಾಗ ಫೋರ್ಟ್‌ನೈಟ್ ಕ್ರೂ (ಫೋರ್ಟ್‌ನೈಟ್ ಗೇಮಿನ ತಿಂಗಳ ಪ್ಲಾನ್), ಯೂಬಿಸಾಫ್ಟ್ ಪ್ಲಸ್ ಕ್ಲಾಸಿಕ್ಸ್ (ಯೂಬಿಸಾಫ್ಟ್ ಕಂಪನಿಯ ಗೇಮ್‌ಗಳ ಪಟ್ಟಿ) ಎಲ್ಲ ಸೇರಿಸಿದ್ದೇವೆ ಅಂದರು. ಫೋರ್ಟ್‌ನೈಟ್ ಮುಟ್ಟದವರಿಗೆ ಅದನ್ನು ಕಟ್ಟಿಕೊಂಡು ಏನಾಗಬೇಕು?

ಹುಡುಗನ ಅಪ್ಪ, ನಮ್ಮ ಭಾವನಿಗಂತೂ ಈ ವಿಷಯ ತಲೆಗೇ ಹೋಗುವುದಿಲ್ಲ. "ಮಿಷಿನ್‌ಗೂ ದುಡ್ಡು ಕೊಟ್ಟಿದ್ದೀನಿ, ಮನೇಲಿ ನೆಟ್‌ಗೂ ಕಟ್ಟುತ್ತಿದ್ದೀನಿ. ಆನ್‌ಲೈನ್ ಆಡೋಕೆ ಮತ್ತೆ ಇವನಿಗೆ ಯಾಕೆ ಕಟ್ಟಬೇಕು?" ಅನ್ನುತ್ತಾರೆ. ಕೇಳುವುದರಲ್ಲಿ ನ್ಯಾಯ ಇದೆ. ಪಿಸಿಯಲ್ಲಿ ಹೆಚ್ಚಿನ ಗೇಮ್‌ಗಳನ್ನು ಆನ್‌ಲೈನ್ ಆಡಲು ಹೀಗೆ ಬೇರೆ ದುಡ್ಡು ಕಟ್ಟಬೇಕಾಗಿಲ್ಲ. ಕನ್ಸೋಲ್‌ಗೆ ಮಾತ್ರ ಈ ಸುಂಕ. ಅವರು ಖಡಾಖಂಡಿತವಾಗಿ ಇಲ್ಲ ಅಂದ ಮೇಲೆ ಹುಡುಗ ಅಗ್ಗದ ದಾರಿ ಹುಡುಕಿಕೊಂಡ.

ಮಾರುವವನ ಪೇಜ್ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಸಾವಿರಾರು ಫಾಲೋವರ್ಸ್. "ಥ್ಯಾಂಕ್ಸ್ ಬ್ರೋ, ಲೆಜಿಟ್" (ಅಸಲಿ, ಮೋಸವಿಲ್ಲ) ಅನ್ನುವ ಸ್ಕ್ರೀನ್‌ಶಾಟ್‌ಗಳು. ಕನ್ನಡದಲ್ಲೇ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ, ಅದೂ ನಮ್ಮ ಕಡೆಯ ಮಾತಿನ ಧಾಟಿಯಲ್ಲೇ. "ಬೇರೆ ಅಕೌಂಟ್ ಕೊಡಲ್ಲ ಗುರು, ನಿಂದೇ ಅಕೌಂಟ್‌ಗೆ ಹಾಕ್ತೀನಿ. ಐಡಿ, ಪಾಸ್‌ವರ್ಡ್ ಕಳಿಸು. ಟೂ ಸ್ಟೆಪ್ ಆಫ್ ಮಾಡು. ಹತ್ತೇ ನಿಮಿಷ, ಆಮೇಲೆ ಪಾಸ್‌ವರ್ಡ್ ಚೇಂಜ್ ಮಾಡ್ಕೋ." ಟೂ ಸ್ಟೆಪ್ ಅಂದರೆ ಪಾಸ್‌ವರ್ಡ್ ಜೊತೆಗೆ ಒಂದು ಕೋಡನ್ನೂ ಕೇಳುವ ಎರಡನೇ ಬೀಗ. ಅವನು ಹೇಳಿದ್ದು ಕೇಳಿದರೆ ಎಷ್ಟು ನಿಯತ್ತಿನ ಮಾತು ಅನ್ನಿಸುತ್ತೆ, ಅಲ್ವಾ? ಹುಡುಗ ನಂಬಿದ್ದೂ ಅದಕ್ಕೇ. ಬೇರೆಯವರ ಖಾತೆಯನ್ನು ಹಂಚಿಕೊಳ್ಳುವುದು ಅಪಾಯ ಅಂತ ಅವನಿಗೆ ಗೊತ್ತಿತ್ತು. ಇಲ್ಲಿ ಖಾತೆ ತನ್ನದೇ ತಾನೇ ಅಂದುಕೊಂಡ.

ದುಡ್ಡು ಹಾಕಲು ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಬಂದದ್ದು ಯಾವುದೋ ದಿನಸಿ ಅಂಗಡಿಯ ಹೆಸರು. ಕೇಳಿದ್ದಕ್ಕೆ "ಅದು ನಮ್ಮ ಚಿಕ್ಕಪ್ಪನ ಅಂಗಡಿ" ಅಂದನಂತೆ.

ಹೇಳಿದ ಹಾಗೆ ಹತ್ತು ನಿಮಿಷದಲ್ಲೇ ಸಬ್‌ಸ್ಕ್ರಿಪ್ಶನ್ ಬಂತು. ಹುಡುಗ ಪಾಸ್‌ವರ್ಡ್ ಬದಲಿಸಿದ, ಟೂ ಸ್ಟೆಪ್ ಮತ್ತೆ ಆನ್ ಮಾಡಿದ. ಕೆಲವು ವಾರ ಎಲ್ಲ ಸರಿಯಾಗಿಯೇ ನಡೆಯಿತು. ಕಾಲೇಜಿನ ಇಬ್ಬರು ಮೂವರು ಗೆಳೆಯರಿಗೂ ಇದೇ ನಂಬರ್ ಕೊಟ್ಟಿದ್ದಾನೆ.

ಒಂದು ಭಾನುವಾರ ಬೆಳಿಗ್ಗೆ ಮೈಸೂರಿನಲ್ಲಿರುವ ನನಗೆ ಅವನ ಫೋನ್ ಬಂತು. "ಮಾವ, ಲಾಗಿನ್ನೇ ಆಗ್ತಿಲ್ಲ. ಅಕೌಂಟ್ ಸಸ್ಪೆಂಡ್ ಅಂತ ತೋರಿಸ್ತಿದೆ." ನಾನು ಮಂಡ್ಯಕ್ಕೆ ಹೋಗಿ ಅವನ ಮೇಲ್ ತೆಗೆಸಿ, ಸಬ್‌ಸ್ಕ್ರಿಪ್ಶನ್ ತಗೊಂಡ ದಿನದ ಬಿಲ್ ಹುಡುಕಿದೆ. ವಿಷಯವೆಲ್ಲ ಅದರಲ್ಲೇ ಇತ್ತು. ಕಟ್ಟಿದ್ದು ಪೂರ್ತಿ ರೇಟು, ಒಂದು ರೂಪಾಯಿಯೂ ಡಿಸ್ಕೌಂಟ್ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ. ನಮ್ಮ ಮನೆಯವರ ಯಾರ ಕಾರ್ಡೂ ಅದಲ್ಲ.

ಈಗ ಲೆಕ್ಕ ನೋಡಿ. ಕಂಪನಿಗೆ ಪೂರ್ತಿ ದುಡ್ಡು ಕಟ್ಟಿ, ನಿಮ್ಮ ಹತ್ತಿರ ಮೂರನೇ ಒಂದು ಪಾಲು ತಗೊಂಡರೆ ಅವನಿಗೆ ಲಾಭ ಎಲ್ಲಿಂದ ಬರಬೇಕು? ಕಾರ್ಡು ಅವನದಲ್ಲದಿದ್ದರೆ ಮಾತ್ರ ಬರುತ್ತೆ. ಎಲ್ಲಿಯೋ ಕದ್ದ ಕಾರ್ಡ್ ನಂಬರಿನಲ್ಲಿ ಸಬ್‌ಸ್ಕ್ರಿಪ್ಶನ್ ಕೊಳ್ಳುತ್ತಾರೆ. ನಿಮ್ಮಿಂದ ಬಂದದ್ದೆಲ್ಲ ಲಾಭವೇ. ಕೆಲವು ದಿನ ಆದ ಮೇಲೆ ಕಾರ್ಡಿನ ನಿಜವಾದ ಒಡೆಯ ಸ್ಟೇಟ್‌ಮೆಂಟ್ ನೋಡುತ್ತಾನೆ, "ಇದು ನಾನು ಮಾಡಿದ ಖರ್ಚಲ್ಲ" ಅಂತ ಬ್ಯಾಂಕಿಗೆ ದೂರು ಕೊಡುತ್ತಾನೆ. ಬ್ಯಾಂಕು ಆ ದುಡ್ಡನ್ನು ಗೇಮ್ ಕಂಪನಿಯಿಂದ ವಾಪಸ್ ಎಳೆದುಕೊಳ್ಳುತ್ತೆ. ಇದಕ್ಕೆ ಚಾರ್ಜ್‌ಬ್ಯಾಕ್ ಅಂತಾರೆ. ಆಗ ಕಂಪನಿಯ ಕೈಗೆ ಸಿಗುವುದು ಒಂದೇ ಹೆಸರು, ಸಬ್‌ಸ್ಕ್ರಿಪ್ಶನ್ ಯಾರ ಖಾತೆಗೆ ಬಂತೋ ಅವರದು. ಮಾರಿದವನ ಹೆಸರು ಅಲ್ಲಿ ಎಲ್ಲೂ ಇರುವುದಿಲ್ಲ.

ಸಪೋರ್ಟ್‌ನವರ ಜೊತೆ ಚಾಟ್ ಮಾಡಿದೆವು. ಮರ್ಯಾದೆಯಾಗಿಯೇ ಮಾತಾಡಿದರು. ಆದರೆ ಉತ್ತರ ಒಂದೇ: ಪಾಸ್‌ವರ್ಡನ್ನು ಬೇರೆಯವರಿಗೆ ಕೊಡುವುದು ನಿಯಮಕ್ಕೆ ವಿರುದ್ಧ, ಖಾತೆಯಲ್ಲಿ ನಡೆದದ್ದಕ್ಕೆಲ್ಲ ಖಾತೆದಾರರೇ ಹೊಣೆ. ಹಳೆಯ ಗೇಮ್‌ಗಳಿಗೆ ನಮ್ಮದೇ ಕಾರ್ಡಿನಲ್ಲಿ ಕಟ್ಟಿದ ಬಿಲ್‌ಗಳನ್ನು ಕಳಿಸಿದೆವು. ಪ್ರಯೋಜನ ಆಗಲಿಲ್ಲ. ಡಿಜಿಟಲ್ ಗೇಮ್ ಅಂದರೆ ನಾವು ಕೊಳ್ಳುವುದು ಆಡುವ ಲೈಸೆನ್ಸ್ ಅಷ್ಟೇ. ಅದು ಖಾತೆಗೆ ಅಂಟಿಕೊಂಡಿರುತ್ತೆ. ಖಾತೆ ಹೋದರೆ ಅದೂ ಹೋಯಿತು. ಜಿಟಿಎ, ಫುಟ್‌ಬಾಲ್ ಗೇಮು, ಸೇವ್ ಮಾಡಿದ್ದೆಲ್ಲ ಹೋಯಿತು. ಉಳಿದದ್ದು ಡಿಸ್ಕ್‌ನಲ್ಲಿದ್ದ ಕ್ರಿಕೆಟ್ ಗೇಮ್ ಒಂದೇ.

ಮಾರಿದವನಿಗೆ ಮೆಸೇಜ್ ಹಾಕಿದರೆ ಮೊದಲು "ಸರ್ವರ್ ಇಶ್ಯೂ, ವೇಟ್ ಮಾಡು" ಅಂದ. ಆಮೇಲೆ "ಅನ್‌ಬ್ಯಾನ್ ಮಾಡಿಸಿ ಕೊಡ್ತೀನಿ, ಇನ್ನೊಂದು ಸಾವಿರ ಹಾಕು" ಅಂದ. ಇದನ್ನು ಚೆನ್ನಾಗಿ ನೆನಪಿಡಿ, ಎರಡನೇ ಸಲ ದುಡ್ಡು ಕೀಳುವುದು ಹೀಗೆಯೇ. ನಾವು ಹಾಕಲಿಲ್ಲ. ಬ್ಲಾಕ್ ಮಾಡಿದ.

ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿದೆವು. ಯುಪಿಐ ಪಾವತಿಯ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ನಂಬರ್) ಬೇಕಾಗುತ್ತೆ. ಚಾಟ್ ಸ್ಕ್ರೀನ್‌ಶಾಟ್, ಕ್ಯೂಆರ್ ಫೋಟೋ, ಆ ಬಿಲ್ ಎಲ್ಲ ಜೋಡಿಸಿ ಇಟ್ಟುಕೊಳ್ಳಿ. ದುಡ್ಡು ಹೋದ ಕೂಡಲೇ ಫೋನ್ ಮಾಡಿದರೆ ಎದುರಿನವನ ಬ್ಯಾಂಕ್ ಖಾತೆಯಲ್ಲಿ ಅದನ್ನು ತಡೆಹಿಡಿಯುವ ಅವಕಾಶ ಇರುತ್ತೆ. ಈ ಮೋಸದ ಕೊಂಕು ಇರುವುದೇ ಅಲ್ಲಿ. ಮೋಸ ಅಂತ ನಮಗೆ ಗೊತ್ತಾಗುವುದೇ ವಾರಗಳಾದ ಮೇಲೆ, ಅಷ್ಟರಲ್ಲಿ ದುಡ್ಡು ಎಲ್ಲೆಲ್ಲಿಗೋ ಹೋಗಿರುತ್ತೆ.

ಹಾಗಾದರೆ ಪೂರ್ತಿ ರೇಟು ಕೊಟ್ಟೇ ತಗೋಬೇಕಾ ಅಂದರೆ, ನನ್ನ ಪ್ರಕಾರ ಹೆಚ್ಚಿನವರಿಗೆ ವರ್ಷವಿಡೀ ಬೇಕಾಗಿಲ್ಲ. ನಮ್ಮ ಹುಡುಗ ಸೆಮಿಸ್ಟರ್ ಪರೀಕ್ಷೆ, ಇಂಟರ್ನಲ್ಸ್ ಅಂತ ಎಷ್ಟೋ ತಿಂಗಳು ಕಂಟ್ರೋಲರ್ ಮುಟ್ಟುವುದೇ ಇಲ್ಲ. ಅವನಂಥವರು ರಜೆ ಬಂದಾಗ ಒಂದು ತಿಂಗಳಿಗೆ ಕಟ್ಟಿ, ಅವತ್ತೇ ಆಟೋ ರಿನ್ಯೂವಲ್ ಆಫ್ ಮಾಡಿದರೆ ಸಾಕು. ಕಟ್ಟಿದ ತಿಂಗಳು ಮುಗಿಯುವವರೆಗೂ ಆಡಬಹುದು. ಹೊಸ ಹೊಸ ಗೇಮ್‌ಗಳನ್ನು ತಿಂಗಳಿಗೆ ಎರಡು ಮೂರು ಮುಗಿಸುವವರಿದ್ದರೆ ಪೂರ್ತಿ ರೇಟು ಕೊಟ್ಟರೂ ನಷ್ಟವಿಲ್ಲ. ಒಂದು ದೊಡ್ಡ ಹೊಸ ಗೇಮ್‌ಗೇ 4,999 ಕೇಳುವ ಕಾಲ ಇದು. ವರ್ಷಪೂರ್ತಿ ಒಂದೇ ಫುಟ್‌ಬಾಲ್ ಗೇಮ್ ಆಡುವವರಿಗೆ ನೂರಾರು ಗೇಮ್‌ಗಳ ಪಟ್ಟಿ ಸುಮ್ನೆ ದಂಡ. ಆನ್‌ಲೈನ್‌ಗಾಗಿ ಎಲ್ಲಕ್ಕಿಂತ ಕೆಳಗಿನ ಪ್ಲಾನ್ ಸಾಕು. ಫೋರ್ಟ್‌ನೈಟ್, ರಾಕೆಟ್ ಲೀಗ್‌ನಂಥ ಉಚಿತ ಗೇಮ್‌ಗಳಿಗೆ ಅದೂ ಬೇಡ. ಪಿಸಿ ಇದ್ದವರಿಗೆ ಎಪಿಕ್ ಗೇಮ್ಸ್ ಸ್ಟೋರ್‌ನವರು 2018ರ ಡಿಸೆಂಬರ್‌ನಿಂದ ಪುಕ್ಕಟೆ ಗೇಮ್ ಹಂಚುತ್ತಲೇ ಇದ್ದಾರೆ. ಡಿಸ್ಕ್ ಡ್ರೈವ್ ಇರುವ ಕನ್ಸೋಲ್ ಇದ್ದರೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಂಡು, ಆಡಿ ಮುಗಿಸಿ, ಮತ್ತೆ ಮಾರಬಹುದು. ಮೈಸೂರಿನಲ್ಲಿ ನನ್ನ ಗೆಳೆಯರು ಕೆಲವರು ಒಬ್ಬರಿಗೊಬ್ಬರು ಡಿಸ್ಕ್ ಬದಲಿಸಿಕೊಂಡೇ ಕಾಲ ಹಾಕುತ್ತಿದ್ದಾರೆ.

ಈಗಾಗಲೇ ಇಂಥವರ ಹತ್ತಿರ ತಗೊಂಡು, ಇನ್ನೂ ಎಲ್ಲ ಸರಿಯಾಗಿ ನಡೆಯುತ್ತಿದೆ ಅನ್ನುವವರು ಇವತ್ತೇ ಮೇಲ್ ತೆಗೆದು ಬಿಲ್ ನೋಡಿ. ಕಾರ್ಡ್ ಯಾರದೋ ಆಗಿದ್ದರೆ, ಖಾತೆ ಲಾಕ್ ಆಗುವ ಮುಂಚೆ ನೀವೇ ಕಂಪನಿಯ ಸಪೋರ್ಟ್‌ಗೆ ಬರೆದು ನಡೆದದ್ದನ್ನು ತಿಳಿಸಿ. ಪಾಸ್‌ವರ್ಡ್ ಬದಲಿಸಿದರೆ ಸಾಲದು, "ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್" ಅಂತ ಇರುತ್ತೆ, ಅದನ್ನೂ ಒತ್ತಿ. ಬ್ಯಾಕಪ್ ಕೋಡ್‌ಗಳನ್ನು (ಟೂ ಸ್ಟೆಪ್ ಕೋಡ್ ಸಿಗದಿದ್ದಾಗ ಬಳಸಲು ಮೊದಲೇ ಕೊಟ್ಟಿರುವ ಕೋಡ್‌ಗಳು) ಅವನಿಗೆ ಕೊಟ್ಟಿದ್ದರೆ ಹೊಸದಾಗಿ ತೆಗೆದುಕೊಳ್ಳಿ. ಖಾತೆಯಲ್ಲಿ ನಿಮ್ಮದೇ ಕಾರ್ಡ್ ಸೇವ್ ಆಗಿದ್ದರೆ ತೆಗೆದುಹಾಕಿ. ಅದೇ ಪಾಸ್‌ವರ್ಡ್ ಮೇಲ್‌ಗೂ ಇಟ್ಟಿದ್ದರೆ ಮೊದಲು ಮೇಲ್‌ನದನ್ನು ಬದಲಿಸಿ, ಮಿಕ್ಕಿದ್ದು ಆಮೇಲೆ.