ದುಬಾರಿ ನರ್ಸಿಂಗ್ ಕಾಲೇಜಾ, ಕಡಿಮೆ ಫೀಸಿನದ್ದಾ?

ಎರಡೂ ಕಾಲೇಜಿಗೆ ಮಾನ್ಯತೆ ಇದ್ದರೆ, ಓದಿ ಮುಗಿಸಿದವರಿಗೆ ನರ್ಸ್ ಆಗಿ ಕೆಲಸ ಮಾಡಲು ಸಿಗುವ ನೋಂದಣಿ ಒಂದೇ. ಸಂಬಳ ನಿಗದಿಯಾಗುವುದು ಸಾಮಾನ್ಯವಾಗಿ ಹುದ್ದೆ, ಪಾಳಿ, ಅನುಭವ ನೋಡಿ. ನೀವು ಕಟ್ಟಿದ ಫೀಸು ನೋಡಿ ಅಲ್ಲ.

ದುಬಾರಿ ಕಾಲೇಜು ಗೆಲ್ಲಬಹುದಾದ ಜಾಗ ಕ್ಲಿನಿಕಲ್ ತರಬೇತಿ. ಐಸಿಯು, ಹೆರಿಗೆ ವಾರ್ಡ್, ತುರ್ತು ಚಿಕಿತ್ಸೆ ಎಲ್ಲ ಕಡೆ ರೋಗಿಗಳ ಜೊತೆ ಕೆಲಸ ಕಲಿಸುತ್ತಾರಾ? ಒಬ್ಬ ಬೋಧಕರಿಗೆ ಎಷ್ಟು ವಿದ್ಯಾರ್ಥಿಗಳು? ಓದುತ್ತಿರುವವರನ್ನೇ ಕೇಳಿ. ಹೊಳೆಯುವ ಲ್ಯಾಬ್ ತೋರಿಸಿ ಸುಮ್ನೆ ಜಾಸ್ತಿ ದುಡ್ಡು ಕೇಳುವ ಕಡೆ ಬೇಡ.

ಕಡಿಮೆ ಫೀಸಿನ ಕಡೆ ಸೀಟು ಸಿಗುವುದೇ ಕಷ್ಟ. ಒಂದು ವರ್ಷ ಕಾದರೆ ಒಂದು ವರ್ಷದ ಸಂಬಳ ಹೋದಂತೆ, ಅಲ್ವಾ? ಅದನ್ನು ಒಂದು ಕಡೆ ಬರೆಯಿರಿ, ದುಬಾರಿ ಕಾಲೇಜಿಗಾಗಿ ಮಾಡುವ ಸಾಲದ ಬಡ್ಡಿಯನ್ನು ಇನ್ನೊಂದು ಕಡೆ. ಒಟ್ಟು ಸಾಲ ಮೊದಲ ವರ್ಷದ ಸಂಬಳವನ್ನು ಮೀರಿದರೆ ನಾನಂತೂ ಅಗ್ಗದ್ದನ್ನೇ ಆರಿಸುತ್ತೇನೆ.