ತಾರಸಿಯ ಹಣ್ಣಿನ ಗಿಡಕ್ಕೆ ಎಚ್‌ಡಿಪಿಇ ಗ್ರೋ ಬ್ಯಾಗ್: ಯಾವ ಸೈಜು, ಎಷ್ಟು ವರ್ಷ?

ಸೊಪ್ಪು, ಟೊಮೆಟೊಗೆ ಯಾವ ಚೀಲವಾದರೂ ನಡೆಯುತ್ತದೆ. ಮೂರು ತಿಂಗಳ ಬೆಳೆ, ಆಮೇಲೆ ಹರಿದರೆ ಹರಿಯಲಿ. ನಿಂಬೆ, ಸೀಬೆ, ಅಂಜೂರದ ಲೆಕ್ಕ ಹಾಗಲ್ಲ. ಗಿಡ ಚೆನ್ನಾಗಿ ಕಾಯಿ ಕಚ್ಚುವ ಮೂರನೇ ವರ್ಷಕ್ಕೇ ಚೀಲದ ತಳ ಕಿತ್ತುಬಂದರೆ ಬೇರು, ಮಣ್ಣು, ಹೀಚು ಎಲ್ಲ ತಾರಸಿಯ ಮೇಲೆ. ಹಾಗಾಗಿ ಹಸಿರು, ಕಿತ್ತಳೆ ಬಣ್ಣಗಳಲ್ಲಿ ಎಲ್ಲೆಡೆ ಸಿಗುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್ ಎಳೆಯಿಂದ ನೇಯ್ದ) ಗ್ರೋ ಬ್ಯಾಗನ್ನು ಇಲ್ಲಿ ಹಣ್ಣಿನ ಗಿಡದ ದೃಷ್ಟಿಯಿಂದ ಮಾತ್ರ ನೋಡಲಾಗಿದೆ. ತೀರ್ಪು ಮೊದಲೇ ಬೇಕೆನ್ನುವವರಿಗೆ: ಬಟ್ಟೆಯ ದಪ್ಪ 250 ಜಿಎಸ್‌ಎಂ ಇರುವ 18×18 ಇಂಚಿನ (ಬಾಯಿಯ ಅಡ್ಡಗಲ, ಎತ್ತರ) ಚೀಲ ಕೊಟ್ಟ ದುಡ್ಡಿಗೆ ಮೋಸವಿಲ್ಲ. 24×24 ಹೆಚ್ಚಿನ ಮನೆಗಳಿಗೆ ಬೇಡ. ಡ್ರ್ಯಾಗನ್ ಫ್ರೂಟಿಗಂತೂ ಯಾವ ಸೈಜೂ ಬೇಡ.

ಕೊಳ್ಳುವಾಗ ಎಲ್ಲರೂ ನೋಡುವುದು ಸೈಜು. ನೋಡಬೇಕಾದದ್ದು ತೂಕ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ. 18×18 ಚೀಲಕ್ಕೆ ಗೋಡೆ, ತಳ ಸೇರಿ ಸುಮಾರು 0.82 ಚದರ ಮೀಟರ್ ಬಟ್ಟೆ ಹೋಗುತ್ತದೆ. 250 ಜಿಎಸ್‌ಎಂ ನಿಜವಾದರೆ ಖಾಲಿ ಚೀಲ 205 ಗ್ರಾಂ ಮೇಲೆ ತೂಗಬೇಕು, ಹಿಡಿ ಮತ್ತು ಹೊಲಿಗೆಯ ಮಡಿಕೆ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. 24×24ಕ್ಕೆ ಬಟ್ಟೆ 1.46 ಚದರ ಮೀಟರ್, ತೂಕ ಕಡಿಮೆಯೆಂದರೂ 365 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿ. 24×24 ಚೀಲ 260 ಗ್ರಾಂ ತೋರಿಸಿದರೆ ಮೇಲೆ ಏನೇ ಅಚ್ಚಾಗಿರಲಿ, ಒಳಗಿರುವುದು 180 ಜಿಎಸ್‌ಎಂ ಆಸುಪಾಸಿನ ಬಟ್ಟೆ. ಅದು ಸೊಪ್ಪಿಗೆ ಸಾಕು, ಸೀಬೆಗೆ ಸಾಲದು. ಎರಡು ಅಂಗಡಿಗಳ ಬೆಲೆ ಹೋಲಿಸುವಾಗಲೂ ಚೀಲಕ್ಕೆ ಎಷ್ಟು ಎಂದು ನೋಡದೆ ಗ್ರಾಂಗೆ ಎಷ್ಟು ಬಿತ್ತು ಎಂದು ನೋಡಿದರೆ ಅಗ್ಗ ಯಾವುದು, ಅಗ್ಗದಂತೆ ಕಾಣುವುದು ಯಾವುದು ಎಂದು ಗೊತ್ತಾಗುತ್ತದೆ.

ತೂಕ ಸರಿಯಿದ್ದರೆ ಚೀಲವನ್ನು ಒಳಮಗ್ಗುಲಿಗೆ ತಿರುಗಿಸಿ ತಳದ ಹೊಲಿಗೆ ನೋಡಿ. ಬಟ್ಟೆಯ ಅಂಚು ಮಡಚಿ ಎರಡು ಸಾಲು ಹೊಲಿದಿರಬೇಕು. ಸಿಮೆಂಟ್ ಮೂಟೆಯ ಬಾಯಿಗೆ ಹಾಕುವಂಥ ಒಂದೇ ಸಾಲಿನ ಸರಪಳಿ ಹೊಲಿಗೆಯಾದರೆ ವಾಪಸ್ ಕೊಡಿ. ಅದರಲ್ಲಿ ಒಂದು ಎಳೆ ತುಂಡಾದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಇಂಥ ಚೀಲಗಳಲ್ಲಿ ಮೊದಲು ಸೋಲುವುದು ಬಟ್ಟೆಯಲ್ಲ, ದಾರ. ಬಟ್ಟೆಯ ಪ್ಲಾಸ್ಟಿಕ್ಕಿನಲ್ಲಿ ಬಿಸಿಲಿನ ಯುವಿ ಕಿರಣ ತಡೆಯುವ ಅಂಶ ಬೆರೆಸಿರುತ್ತಾರೆ, ದಾರದಲ್ಲಿ ಎಷ್ಟೋ ಸಲ ಇರುವುದಿಲ್ಲ. ಹಿಡಿಗಳು ಬಾಯಂಚಿಗೆ ಮಾತ್ರ ಹೊಲಿದಿದ್ದರೆ ಅವು ಅಲಂಕಾರಕ್ಕೆ ಎಂದುಕೊಳ್ಳಿ. ಗೋಡೆಯ ಮೇಲೆ ನಾಲ್ಕೈದು ಇಂಚು ಇಳಿದು ಚೌಕವಾಗಿ ಹೊಲಿದಿದ್ದರೆ ಎಳೆಯಲು ನೆಚ್ಚಬಹುದು, ಎತ್ತಲು ಅಲ್ಲ.

ನೀರು ಹೋಗುವ ತೂತು ತಳದಲ್ಲಿ ಮಾತ್ರವಿದ್ದರೆ ಸಾಲದು. ಚೀಲ ನೆಲಕ್ಕೆ ಅಂಟಿ ಕೂತಾಗ ತೂತು ಮುಚ್ಚುತ್ತದೆ, ಇಲ್ಲವೇ ಬೇರು ಅದರಲ್ಲೇ ಇಳಿದು ತಾರಸಿಯ ಬಿರುಕು ಹುಡುಕುತ್ತದೆ. ತಳದಿಂದ ಒಂದಿಂಚು ಮೇಲೆ, ಗೋಡೆಯಲ್ಲಿ, ಲೋಹದ ಉಂಗುರ ಕೂರಿಸಿದ ನಾಲ್ಕು ತೂತು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಾಯಿಸಿದ ಕಬ್ಬಿಣದ ಸರಳಿನಿಂದ ನೀವೇ ಮಾಡಿಕೊಳ್ಳಿ. ಕತ್ತರಿಯಿಂದ ಕೊಯ್ದರೆ ನೇಯ್ಗೆ ಎಳೆ ಬಿಡುತ್ತದೆ. ಕಾಯಿಸಿದ ಸರಳು ಅಂಚನ್ನು ಕರಗಿಸಿ ಮುಚ್ಚುತ್ತದೆ.

ಇನ್ನು ದೊಡ್ಡ ಚೀಲದ ಆಸೆ. 24×24 ಚೀಲಕ್ಕೆ 21 ಇಂಚಿನವರೆಗೆ ಮಣ್ಣು ತುಂಬಿದರೆ ಸುಮಾರು 155 ಲೀಟರ್. ನೀರು ಕುಡಿದ ಮೇಲೆ ಅದು ಹತ್ತಿರ ಹತ್ತಿರ 180 ಕೆಜಿ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಇಟ್ಟುಕೊಳ್ಳುವ ಲೆಕ್ಕ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ 150 ಕೆಜಿ. ಈ ಚೀಲ ಕೂರುವ ಜಾಗವೋ 0.29 ಚದರ ಮೀಟರ್. ಒಂದೇ ಚೀಲದಿಂದ ಮನೆ ಬೀಳುವುದಿಲ್ಲ, ಸರಿ. ಆದರೆ ಹತ್ತು ಚೀಲ ಒತ್ತೊತ್ತಾಗಿ ಸ್ಲ್ಯಾಬಿನ ನಡುಮಧ್ಯೆ ಸಾಲಾಗಿ ಇಟ್ಟರೆ ಬಿರುಕು ಬಿಟ್ಟು ಕೆಳಗಿನ ಕೋಣೆಯಲ್ಲಿ ತೇವ ಕಾಣಿಸಬಹುದು. 18×18 ಚೀಲ 15 ಇಂಚು ತುಂಬಿದರೆ 62 ಲೀಟರ್, ಒದ್ದೆಯಾದಾಗ 75 ಕೆಜಿ ಆಸುಪಾಸು. ಮಧ್ಯದಿಂದ ಮಧ್ಯಕ್ಕೆ ಮೂರಡಿ ಬಿಟ್ಟು ಇಟ್ಟರೆ ಚದರ ಮೀಟರಿಗೆ ಸರಾಸರಿ 90 ಕೆಜಿ ಬೀಳುತ್ತದೆ, ನಿಮಗೂ ನೀರಿನ ಕೊಡಕ್ಕೂ ಅವಕಾಶ ಉಳಿಯುತ್ತದೆ. 24×24ಕ್ಕೆ ಅದೇ ನೆಮ್ಮದಿ ಬೇಕಾದರೆ ನಾಲ್ಕೂವರೆ ಅಡಿಗಿಂತ ತುಸು ಹೆಚ್ಚೇ ಬಿಡಬೇಕು. ಯಾವ ಸೈಜಾದರೂ ಕೆಳಗೆ ಗೋಡೆಯೋ ತೊಲೆಯೋ ಹಾದುಹೋದ ಗೆರೆಯ ಮೇಲೆ ಇಡಿ. ಹಳೆಯ ಮದರಾಸು ತಾರಸಿಯ (ಮರದ ತೊಲೆಯ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ) ಮನೆಯಾದರೆ ಎಂಜಿನಿಯರನ್ನು ಕೇಳದೆ ಒಂದು ಚೀಲವನ್ನೂ ಹತ್ತಿಸಬೇಡಿ.

ಕಬ್ಬಿಣದ ರಿಂಗ್ ಸ್ಟ್ಯಾಂಡ್ ಕೂಡ ಈ ಚೀಲಕ್ಕೆ ಶತ್ರುವೇ. ತಳ ನಡುವಿನಲ್ಲಿ ಜೋತುಬಿದ್ದು ಹೊಲಿಗೆಯ ಮೇಲೆ ಎಳೆತ ಬೀಳುತ್ತದೆ. ನಾಲ್ಕು ಇಟ್ಟಿಗೆ, ಅದರ ಮೇಲೆ ಒಂದು ಕಡಪ ಕಲ್ಲಿನ ತುಂಡು, ಅಷ್ಟೇ ಸಾಕು. ಕೆಳಗೆ ಗುಡಿಸಲೂ ಬರುತ್ತದೆ.

ಮಣ್ಣಿನ ವಿಷಯದಲ್ಲಿ ಅಂಗಡಿಯವರು ಹೇಳುವ ‘ಒಂದಕ್ಕೊಂದಕ್ಕೊಂದು’ ಲೆಕ್ಕ (ಮಣ್ಣು, ಗೊಬ್ಬರ, ಕೋಕೋಪೀಟ್ ಸಮಪಾಲು) ತರಕಾರಿಯದು. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ವರ್ಷದಿಂದ ವರ್ಷಕ್ಕೆ ಕೊಳೆತು ಕುಗ್ಗುತ್ತದೆ, ಎರಡನೇ ಮಳೆಗಾಲಕ್ಕೆ ಗಿಡ ಚೀಲದೊಳಗೆ ನಾಲ್ಕು ಇಂಚು ಇಳಿದುಹೋಗಿರುತ್ತದೆ. 18×18 ಚೀಲಕ್ಕೆ, 20 ಲೀಟರಿನ ಪೇಂಟ್ ಬಕೆಟ್ಟಿನ ಅಳತೆಯಲ್ಲಿ: ಕೆಮ್ಮಣ್ಣು ಒಂದೂಕಾಲು ಬಕೆಟ್, ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು, ತೊಳೆದು ಉಪ್ಪು ತೆಗೆದ ಕೋಕೋಪೀಟ್ ಅರ್ಧಕ್ಕಿಂತ ತುಸು ಹೆಚ್ಚು, ಭತ್ತದ ಹೊಟ್ಟು ಕಾಲು ಬಕೆಟ್ಟಿನಷ್ಟು, ಬೇವಿನ ಹಿಂಡಿ 200 ಗ್ರಾಂ. ಬಾಯಿಂದ ಮೂರು ಇಂಚು ಖಾಲಿ ಬಿಡಿ. ಕಸಿಯ ಗಂಟು ಮಣ್ಣಿಗಿಂತ ನಾಲ್ಕು ಇಂಚು ಮೇಲಿರಲಿ. ಅದನ್ನು ಹೂತರೆ ಬುಡ ಕೊಳೆಯುವುದು ಮಾತ್ರ ಖಾತ್ರಿ.

ಗಿಡಗಳ ಪೈಕಿ ಅಂಜೂರಕ್ಕೆ ಈ ಚೀಲ ಹೇಳಿ ಮಾಡಿಸಿದ್ದು, ಬೇರು ಇಕ್ಕಟ್ಟಾದರೂ ಅದು ಕಾಯಿ ಬಿಡುತ್ತದೆ. ಸೀಬೆಯಲ್ಲಿ ಹೆಸರಘಟ್ಟದ ಐಐಎಚ್‌ಆರ್‌ನ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಕೆಂಪು ತಿರುಳಿನ ತಳಿ ಅರ್ಕಾ ಕಿರಣ್ ಒಗ್ಗುತ್ತದೆ. ಕುಯ್ಲಾದ ಮೇಲೆ ಕೊಂಬೆಯ ತುದಿ ಕತ್ತರಿಸಲೇಬೇಕು, ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ನಿಂಬೆಯಲ್ಲಿ ಬೀಜದ ಗಿಡ ಬೇಡ, ಗೂಟಿಯದೋ (ಕೊಂಬೆಗೇ ಬೇರು ಬರಿಸಿದ್ದು) ಕಸಿಯದೋ ತನ್ನಿ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ನಿಂಬೆಯ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಮಾಮೂಲು. ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ ಕಬ್ಬಿಣ, ಸತು ಬೇರಿಗೆ ಸಿಗದಿರುವುದೇ ಕಾರಣ. ಇದಕ್ಕೆ ಐಐಎಚ್‌ಆರ್‌ನ ಸಿಟ್ರಸ್ ಸ್ಪೆಷಲ್ ಎಂಬ ಸೂಕ್ಷ್ಮ ಪೋಷಕಾಂಶದ ಮಿಶ್ರಣವನ್ನು ಲೀಟರಿಗೆ 5 ಗ್ರಾಂನಂತೆ ಎಲೆಗೆ ಸಿಂಪಡಿಸಿ. ಬೂದಿ ಹಾಕುವವರಿದ್ದಾರೆ, ಅದೂ ಕ್ಷಾರವೇ, ನಿಂಬೆಗೆ ಗಾಯದ ಮೇಲೆ ಬರೆ.

ಪಪ್ಪಾಯ ಬರುತ್ತದೆ, ಆದರೆ ಎರಡು ದಿನ ನೀರು ನಿಂತರೆ ಬುಡ ಮೆತ್ತಗಾಗಿ ಮಲಗುತ್ತದೆ. ರೆಡ್ ಲೇಡಿ ತಳಿಯ ಮೂರು ಬೀಜ ನೇರ ಚೀಲಕ್ಕೇ ಬಿತ್ತಿ, ಉದ್ದನೆಯ ದ್ವಿಲಿಂಗಿ ಹೂ ಬಂದ ಗಿಡ ಉಳಿಸಿ, ಉಳಿದವನ್ನು ಕತ್ತರಿಸಿ. ಮಾವಿನಲ್ಲಿ ಆಮ್ರಪಾಲಿಯನ್ನು ಮೂರ್ನಾಲ್ಕು ವರ್ಷ ಇಡಬಹುದು, ಆಮೇಲೆ ಅದು ನೆಲ ಕೇಳುತ್ತದೆ. ಬೆಣ್ಣೆಹಣ್ಣು, ಹಲಸು ಬೇಡ. ಡ್ರ್ಯಾಗನ್ ಫ್ರೂಟ್ ಯಾಕೆ ಬೇಡವೆಂದರೆ ಅದಕ್ಕೆ ಕಂಬ ಬೇಕು, ಮೆತ್ತನೆ ಗೋಡೆಯ ಚೀಲದಲ್ಲಿ ಕಂಬ ನಿಲ್ಲುವುದಿಲ್ಲ. ಆಷಾಢದ ಗಾಳಿಗೆ ವಾಲಿದಾಗ ಬೇರು ಸಮೇತ ಬರುತ್ತದೆ. 200 ಲೀಟರಿನ ನೀಲಿ ಡ್ರಮ್ ಅರ್ಧ ಮಾಡಿಸಿ ಅದರಲ್ಲಿಡಿ. ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ಕೇಳಿ ಕೊಳ್ಳಿ, ರಾಸಾಯನಿಕ ತುಂಬಿದ್ದು ಬೇಡ.

ಬಿಸಿಲಿನಲ್ಲಿ ಚೀಲದ ಪಡುವಣ ಮೈ ಕಾದು ಆ ಬದಿಯ ಬೇರು ಸಾಯುತ್ತದೆ. ಬೆಂಗಳೂರಿನಲ್ಲಿ ಮಾರ್ಚ್‌ನಿಂದ, ಕಲಬುರಗಿ, ರಾಯಚೂರಿನಲ್ಲಿ ಫೆಬ್ರವರಿಯಿಂದಲೇ ಒಂದು ಗೋಣಿಚೀಲ ಸುತ್ತಿ. ಬೇಸಿಗೆಯಲ್ಲಿ ನಿಂಬೆ, ಸೀಬೆಗೆ ದಿನಕ್ಕೆ 4–5 ಲೀಟರ್ ನೀರು. ಡ್ರಿಪ್ ಆದರೆ ಎದುರುಬದುರು ಎರಡು ತೊಟ್ಟಿಕ್ಕುವ ಬಿಂದು ಇರಲಿ. ಒಂದೇ ಇದ್ದರೆ ಉಳಿದರ್ಧ ಒಣಗಿ ಇರುವೆ ಗೂಡು ಕಟ್ಟುತ್ತದೆ, ಇರುವೆಯ ಹಿಂದೆಯೇ ಹಿಟ್ಟು ತಿಗಣೆ ಬರುತ್ತದೆ. ಕರಾವಳಿಯವರಿಗೆ ಮಳೆಗಾಲದಲ್ಲಿ ನೀರು ಹಾಕುವುದಕ್ಕಿಂತ ಪಕ್ಕದ ತೂತು ಕಟ್ಟಿಕೊಳ್ಳದಂತೆ ನೋಡುವುದೇ ಕೆಲಸ.

ಬಟ್ಟೆಯ ಬಾಯಂಚು ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ ಚೀಲದ ಆಯುಷ್ಯ ಮುಗಿಯಿತೆಂದೇ ಅರ್ಥ. ಬಿಸಿಲಿನ ತಾರಸಿಯಲ್ಲಿ ಮೂರನೇ ವರ್ಷದ ಹೊತ್ತಿಗೆ ಇದನ್ನು ನಿರೀಕ್ಷಿಸಿ. ಆಗ ಎತ್ತಲು ಹೋಗಬೇಡಿ. ಎರಡು ದಿನ ನೀರು ನಿಲ್ಲಿಸಿ, ಚೀಲವನ್ನು ಬಾಯಿಂದ ತಳದವರೆಗೆ ಎರಡು ಕಡೆ ಸೀಳಿ ಬಿಡಿಸಿ. ಗೋಡೆಗೆ ಸುತ್ತು ಹಾಕಿಕೊಂಡ ಬೇರನ್ನು ಗರಗಸದ ಚಾಕುವಿನಿಂದ ಸುತ್ತಲೂ ಎರಡು ಇಂಚು, ತಳದಲ್ಲೂ ಎರಡು ಇಂಚು ಕತ್ತರಿಸಿ. ಕೊಂಬೆಯನ್ನೂ ಮೂರನೇ ಒಂದು ಭಾಗ ಇಳಿಸಿ, ಹೊಸ ಚೀಲದಲ್ಲಿ ಹೊಸ ಮಣ್ಣು ಬದಿಗೆ ತುರುಕಿ ಹತ್ತು ದಿನ ನೆರಳುಬಲೆಯ ಕೆಳಗಿಡಿ. ಜೂನ್‌ನಲ್ಲಿ ಒಂದೆರಡು ಹದ ಮಳೆ ಬಿದ್ದ ಮೇಲೆ ಮಾಡಿದರೆ ಗಿಡಕ್ಕೆ ಗೊತ್ತೇ ಆಗುವುದಿಲ್ಲ. ಏಪ್ರಿಲ್‌ನಲ್ಲಿ ಮಾಡಿದರೆ ಎಲೆಯೆಲ್ಲ ಉದುರುತ್ತದೆ.